ಪೆಟ್ಟಿಗೆ ಹೊತ್ತವನ ದಿನಚರಿ

ಮೊನ್ನೆ ಭಾನುವಾರ ಬೆಳಗ್ಗೆ ಕಾಫಿ ಕುಡಿಯುತ್ತ ಕುಳಿತಿದ್ದಾಗ ಅಮೆರಿಕದಿಂದ ಮೊಮ್ಮಗಳ ಕರೆ ಬಂದಿತು. ಮಗ ಸಂಸಾರಸಮೇತನಾಗಿ ಸೇಂಟ್ ಲೂಯಿಸ್ ನಗರದಲ್ಲಿದ್ದಾನೆ. ಇಲ್ಲಿ ಬೆಳಗಾದಾಗ ಅಲ್ಲಿ ಹಿಂದಿನ ದಿನದ ರಾತ್ರಿ. ಆದ್ದರಿಂದ ನಮ್ಮ ಮಾತುಕತೆಯಲ್ಲಿ ಯಾವಾಗಲೂ ಒಬ್ಬರಿಗಾದರೂ ಆಕಳಿಕೆ ತಪ್ಪಿದ್ದಲ್ಲ. ಅಂದು ಮಾತ್ರ ಹುಡುಗಿ ಬಹಳ ಎಚ್ಚರವಾಗಿದ್ದಳು. ಶಾಲೆಯಲ್ಲಿ ಒಂದು ಬರವಣಿಗೆಯ ಕೆಲಸ ಕೊಟ್ಟಿದ್ದರಂತೆ. ಲ್ಯೂಯಿಸ್ ಮತ್ತು ಕ್ಲಾರ್ಕ್ ಎಂಬ ಇಬ್ಬರು ಕ್ಯಾಪ್ಟನ್ನರು ಇನ್ನೂರು ವರ್ಷಗಳ ಹಿಂದೆ ಆ ಊರಿನ ಬಳಿಯಿಂದ ಹೊರಟು, ನದಿ, ಬಯಲು, ಬೆಟ್ಟ ದಾಟಿ ಪಶ್ಚಿಮ ಸಮುದ್ರದವರೆಗೆ ಹೋಗಿ ಬಂದರಲ್ಲ, ಆ ತಂಡದಲ್ಲಿ ನೀನೂ ಒಬ್ಬಳು ಎಂದು ಊಹಿಸಿಕೊಂಡು ಒಂದು ದಿನದ ದಿನಚರಿ ಬರೆ ಎಂದು.

"ತಾತ, ನಾನು ಯಾರಾಗಲಿ?" ಎಂದಳು.

ತರಗತಿಯ ಹುಡುಗರಲ್ಲಿ ಹೆಚ್ಚಿನವರು ಆಗಲೇ ಕ್ಯಾಪ್ಟನ್ನರಾಗಿಬಿಟ್ಟಿದ್ದರು. ಕೆಲವರು ಬೇಟೆಗಾರರು. ಇಬ್ಬರು ಹುಡುಗಿಯರು ಸಕಗವೇಯಾ ಎಂಬ ಷೋಷೋನಿ ಬುಡಕಟ್ಟಿನ ತರುಣಿ. ಲ್ಯೂಯಿಸನ ಸಂಗಡ ಒಂದು ನಾಯಿ ಇತ್ತಂತೆ. ಅದಾಗಲು ಮೂವರು ಪೈಪೋಟಿ ನಡೆಸಿದ್ದರು. ತಂಡದಲ್ಲಿ ಯಾರ್ಕ್ ಎಂಬ ಒಬ್ಬ ಕರಿಯನೂ ಇದ್ದ. ಅವನು ಕ್ಲಾರ್ಕನ ಗುಲಾಮ. ಅವನಾಗಲು ಯಾರೂ ಕೈ ಎತ್ತಿರಲಿಲ್ಲ.

ನಾನು ಮೇಷ್ಟರಾಗಿದ್ದವನು. ಇಂತಹ ಪ್ರಶ್ನೆಗೆ ತಟಕ್ಕನೆ ಉತ್ತರ ಕೊಡುವ ಚಟ ಇನ್ನೂ ಬಿಟ್ಟಿಲ್ಲ. "ಯಾರಾದರೇನು ಮರಿ, ನಾನು ಬರೆದುಕೊಡುತ್ತೇನೆ, ನೀನು ಇಂಗ್ಲಿಷ್ ಮಾಡಿಕೋ" ಎಂದೆ. ಅಂದು ಮಧ್ಯಾಹ್ನವೇ ಬರೆದೂ ಬಿಟ್ಟೆ. ಸಂಜೆಯ ನದಿ, ಮರಳದಿಣ್ಣೆಯ ಮೇಲೆ ಬೆಂಕಿ, ಸುಡುತ್ತಿರುವ ಕಾಡುಕೋಣದ ಮಾಂಸ (ನಾನು ಅದನ್ನು ಕಂಡವನೂ ಅಲ್ಲ, ತಿಂದವನೂ ಅಲ್ಲ), ತಲೆಯ ಮೇಲೆ ನಕ್ಷತ್ರ, ಮುಂದೆ ಯಾರೂ ಕಾಣದ ಭೂಮಿ. ಮಾತು ಚೆನ್ನಾಗಿಯೇ ಕೂಡಿಬಂದಿತ್ತು. ಮರುದಿನ ಓದಿಹೇಳಿದೆ. ಹುಡುಗಿ ಕೇಳಿ ಮುಗಿಸಿ, "ಚೆನ್ನಾಗಿದೆ ತಾತ. ಆದರೆ ಇದನ್ನು ಬರೆದದ್ದು ಯಾರು? ಇವರು ಏನು ಕೆಲಸ ಮಾಡುತ್ತಿದ್ದರು?" ಎಂದಳು.

ಆ ಪ್ರಶ್ನೆಗೆ ಉತ್ತರವಿರಲಿಲ್ಲ. ನನ್ನ ದಿನಚರಿಕಾರ ಇಡೀ ದಿನ ಏನನ್ನೂ ಎತ್ತಿರಲಿಲ್ಲ, ಇಳಿಸಿರಲಿಲ್ಲ, ತೊಳೆದಿರಲಿಲ್ಲ. ಬೆಂಕಿ ತಾನಾಗಿ ಹೊತ್ತಿತ್ತು. ಮಾಂಸ ತಾನಾಗಿ ಸುಡುತ್ತಿತ್ತು. ನನಗೆ ತಿಳಿಯದೆಯೇ ನಾನು ಕ್ಯಾಪ್ಟನ್ ಆಗಿದ್ದೆ.

ಆಮೇಲೆ ಪುಸ್ತಕಗಳನ್ನು ತರಿಸಿ ಓದಿದೆ. 1804ರ ಮೇ 14ರಂದು ಹೊರಟ ಆ ತಂಡ ಹಿಂತಿರುಗಿ ಸೇಂಟ್ ಲೂಯಿಸ್ ಮುಟ್ಟಿದ್ದು 1806ರ ಸೆಪ್ಟೆಂಬರ್ 23ರಂದು. ಈ ಎರಡೂಕಾಲು ವರ್ಷದ ಬಹುಭಾಗ ನಕ್ಷತ್ರದ್ದಲ್ಲ, ಹಗ್ಗದ್ದು. ಮಿಸ್ಸೌರಿ ನದಿಯ ಎದುರು ಪ್ರವಾಹದಲ್ಲಿ ದೋಣಿ ತಾನಾಗಿ ಏರುವುದಿಲ್ಲ. ದಡದ ಕೆಸರಿನಲ್ಲಿ, ಕೆಲವು ವೇಳೆ ಎದೆಮಟ್ಟದ ನೀರಿನಲ್ಲಿ ನಡೆಯುತ್ತ ಹಗ್ಗ ಹೆಗಲಿಗೆ ಹಾಕಿಕೊಂಡು ಎಳೆಯಬೇಕು. ಹೀಗೆ ದುಡಿದವನಿಗೆ ದಿನಕ್ಕೆ ಒಂಬತ್ತು ಪೌಂಡಿನಷ್ಟು ಮಾಂಸ ಬೇಕಾಗುತ್ತಿತ್ತಂತೆ. ಅಷ್ಟನ್ನು ಯಾರೋ ಬೇಟೆಯಾಡಬೇಕು, ಹೊರಬೇಕು, ಕೊಯ್ಯಬೇಕು, ಬೇಯಿಸಬೇಕು. 1805ರ ಬೇಸಗೆಯಲ್ಲಿ ಮಹಾಜಲಪಾತಗಳು ಎದುರಾದಾಗ ದೋಣಿಗಳನ್ನೇ ನೆಲದ ಮೇಲೆ ಹದಿನೆಂಟು ಮೈಲಿ ಸಾಗಿಸಬೇಕಾಯಿತು. ಮರದ ದಿಮ್ಮಿಯನ್ನು ಅಡ್ಡಕ್ಕೆ ಕೊಯ್ದು ಚಕ್ರ ಮಾಡಿದರು. ಆ ನೆಲವೆಲ್ಲ ಪಾಪಾಸುಕಳ್ಳಿ. ಚರ್ಮದ ಮೆಟ್ಟಿಗೆ ಎರಡು ಪದರ ಅಟ್ಟೆ ಹಾಕಿಕೊಂಡರೂ ಮುಳ್ಳು ಒಳಗೆ ಬರುತ್ತಿತ್ತು. ಕಳ್ಳಿಗೆ ಪಾಪಾಸಿನ ಹೆಸರು ಕೊಟ್ಟವರು ನಾವು; ಆದರೆ ಗಿಡ ನಮ್ಮದಲ್ಲ, ಅಮೆರಿಕದಿಂದಲೇ ಬಂದದ್ದು. ಸಮುದ್ರತೀರದಲ್ಲಿ ಚಳಿಗಾಲ ಕಳೆದ ನೂರ ಆರು ದಿನಗಳಲ್ಲಿ ಮಳೆ ಬಾರದ ದಿನ ಹನ್ನೆರಡೇ. ಮೈಮೇಲಿನ ಚರ್ಮದ ಬಟ್ಟೆ ಮೈಮೇಲೆಯೇ ಕೊಳೆಯಿತು.

ಇದನ್ನು ಓದುತ್ತ ನಾನು ಕುಳಿತಿದ್ದುದು ಗೋಕುಲದ ಮನೆಯ ಮಹಡಿಯ ಮೇಲೆ. ಇಲ್ಲಿಗೆ ಸಮೀಪದ ರಸ್ತೆಗೆ ಕಾಂಟೂರ್ ರಸ್ತೆ ಎಂದು ಹೆಸರು. ಅದು ಭೂಮಾಪಕರ ಮಾತು. ಒಂದೇ ಎತ್ತರದ ಬಿಂದುಗಳನ್ನು ಸೇರಿಸುವ ಗೆರೆಗೆ ಹಾಗೆನ್ನುತ್ತಾರೆ. ಆ ರಸ್ತೆಯಲ್ಲಿ ಬೆಳಗಿನ ಹೊತ್ತು ಚಾಪೆ ಸುರುಳಿ ಬಗಲಲ್ಲಿಟ್ಟುಕೊಂಡು ಯೋಗ ಕಲಿಯಲು ಹೋಗುವ ಅಮೆರಿಕನ್ನರು ಎಷ್ಟು ಬೇಕಾದರೂ ಸಿಗುತ್ತಾರೆ. ಅವರು ನಮ್ಮನ್ನು ಶೋಧಿಸಲು ಬಂದಿದ್ದಾರೆ, ನನ್ನ ಮಗ ಅವರನ್ನು ಶೋಧಿಸಲು ಹೋಗಿದ್ದಾನೆ ಎಂದು ನಗುವುದುಂಟು. ಅವರ ಬಟ್ಟೆ ಒಗೆಯುವವರು, ಅವರ ಕೋಣೆ ಗುಡಿಸುವವರು ಬೇರೆ ಬಡಾವಣೆಗಳಿಂದ ಬರುತ್ತಾರೆ. ಅವರು ಶೋಧನೆಯ ಲೆಕ್ಕಕ್ಕೆ ಸೇರುವುದಿಲ್ಲ.

ಅಮೆರಿಕದ ಯಾತ್ರೆಗೆ ನಾಲ್ಕು ವರ್ಷ ಮೊದಲು ನಮ್ಮ ಸೀಮೆಯಲ್ಲಿಯೂ ಅಂತಹುದೇ ಒಂದು ಯಾತ್ರೆ ನಡೆಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಹೊಸದಾಗಿ ಕೈಸೇರಿದ ದೇಶದಲ್ಲಿ ಏನು ಬೆಳೆಯುತ್ತದೆ, ಜನ ಏನು ಮಾಡುತ್ತಾರೆ ಎಂದು ತಿಳಿದುಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಡಾಕ್ಟರ್ ಫ್ರಾನ್ಸಿಸ್ ಬುಕನನ್ ಎಂಬ ಕಂಪನಿಯ ವೈದ್ಯನನ್ನು ಕಳುಹಿಸಿದ. ಬುಕನನ್ 1800ರ ಏಪ್ರಿಲ್ 23ರಂದು ಮದರಾಸು ಬಿಟ್ಟು, ಬೆಂಗಳೂರು, ಶ್ರೀರಂಗಪಟ್ಟಣ ನೋಡಿ, ಮೈಸೂರು ಸೀಮೆ, ಮಲೆಯಾಳ, ಕನ್ನಡ ಜಿಲ್ಲೆ ಎಲ್ಲವನ್ನೂ ಸುತ್ತಿ, ಮರುವರ್ಷ ಹಿಂತಿರುಗಿದ. ಅವನ ಪುಸ್ತಕ ಮೂರು ಸಂಪುಟಗಳಲ್ಲಿ ಲಂಡನ್ನಿನಲ್ಲಿ 1807ರಲ್ಲಿ ಅಚ್ಚಾಯಿತು. ಎರಡು ಯಾತ್ರೆಗಳ ಹಿಂದೆಯೂ ನೆಪೋಲಿಯನ್ನನ ನೆರಳಿದೆ ಎಂಬುದು ಒಂದು ವಿನೋದ. ಇಲ್ಲಿ ಅವನು ಟಿಪ್ಪುವಿನ ಸಹಾಯಕ್ಕೆ ಬಂದಾನೆಂಬ ಭಯ ಯುದ್ಧಕ್ಕೆ ಕಾರಣಗಳಲ್ಲೊಂದು. ಅಲ್ಲಿ ಅವನು 1803ರಲ್ಲಿ ಮಾರಿದ ಭೂಮಿಯನ್ನೇ ಅಮೆರಿಕನ್ನರು ಅಳೆಯಲು ಹೊರಟದ್ದು. ಹೊಸದಾಗಿ ಕೈಸೇರಿದ ಭೂಮಿ ಎಂದರೆ ಆಗಲೇ ಯಾರೋ ಉಣ್ಣುತ್ತ, ಉಳುತ್ತ, ಸಾಯುತ್ತ ಇರುವ ಭೂಮಿ ಎಂಬುದನ್ನು ಎರಡು ಕಡೆಯೂ ಹೇಳಬೇಕಾಗಿಲ್ಲ.

ಬುಕನನ್‌ನ ಪುಸ್ತಕವನ್ನು ನಾನು ಹೀಗಳೆಯಲಾರೆ. ರಾಗಿಯ ಬಿತ್ತನೆ, ಕೂರಿಗೆಯ ರಚನೆ, ಚನ್ನಪಟ್ಟಣದಲ್ಲಿ ವೀಣೆಯ ತಂತಿಗಾಗಿ ಉಕ್ಕು ಎಳೆಯುತ್ತಿದ್ದ ರೀತಿ, ಬಳೆಗಾಜು ಮಾಡುವ ಒಲೆ, ಹೀಗೆ ನಮ್ಮ ಮುತ್ತಜ್ಜಂದಿರ ಕೈಕೆಲಸವನ್ನು ನಮ್ಮವರಾರೂ ಬರೆದಿಡದಷ್ಟು ಶ್ರದ್ಧೆಯಿಂದ ಬರೆದಿಟ್ಟಿದ್ದಾನೆ. ಮರಾಠರ ದಂಡು ಹಾದುಹೋದ ಹಳ್ಳಿಗಳು ಹೇಗೆ ಹಾಳುಬಿದ್ದವೆಂದು ಮತ್ತೆ ಮತ್ತೆ ಹೇಳುತ್ತಾನೆ. ರೈತನ ಮನೆಯ ಆಳಿಗೆ ವರ್ಷಕ್ಕೆ ಎಷ್ಟು ರಾಗಿ ಸಲ್ಲುತ್ತದೆ ಎಂಬುದನ್ನೂ ಕೇಳಿ ಗುರುತು ಹಾಕಿಕೊಂಡಿದ್ದಾನೆ. ಆದರೆ ಅವನ ಡೇರೆಯನ್ನು ಬೆಳಗ್ಗೆ ಬಿಚ್ಚಿ, ಹತ್ತು ಹನ್ನೆರಡು ಮೈಲಿ ಹೊತ್ತು, ಸಂಜೆ ಮತ್ತೆ ಹೊಡೆದವನು ಏನು ಉಂಡ? ನಾನು ಓದಿದ ಪುಟಗಳಲ್ಲಿ ಅದು ಸಿಗಲಿಲ್ಲ. ಊರ ಆಳನ್ನು ಕಂಡ ಕಣ್ಣಿಗೆ ತನ್ನ ಆಳು ಕಾಣಲಿಲ್ಲ. ಅದೇ 1800ರಲ್ಲಿ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಒಂದು ಗೆರೆಯನ್ನು ಉಕ್ಕಿನ ಸರಪಣಿಯಿಂದ ಅಂಗುಲ ತಪ್ಪದಂತೆ ಅಳೆದ. ಆ ಅಳತೆ ಉಳಿದಿದೆ. ಸರಪಣಿಯನ್ನು ಎತ್ತಿ ಎತ್ತಿ ಮುಂದಕ್ಕೆ ಇಟ್ಟವರು ಯಾರೆಂದು ಇಂದು ಯಾರು ಬಲ್ಲರು?

ಸಂಜೆ ನನ್ನ ಜೊತೆ ತಿರುಗಾಡಲು ಬರುವ ಮಿತ್ರರೊಬ್ಬರಿದ್ದಾರೆ. ತತ್ತ್ವಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಅವರ ಮುಂದೆ ಈ ವಿಷಯ ತೆಗೆದೆ. "ಇದು ಹೊಸದೇನಲ್ಲ ಸ್ವಾಮಿ, ಪರಕಾಯ ಪ್ರವೇಶ. ಶಂಕರಾಚಾರ್ಯರು ಮಾಡಿದ್ದು ಏನು?" ಎಂದರು. ಮಂಡನಮಿಶ್ರರ ಪತ್ನಿ ಉಭಯಭಾರತಿ ಗೃಹಸ್ಥಜೀವನದ ಪ್ರಶ್ನೆ ಕೇಳಿದಾಗ, ಅನುಭವವಿಲ್ಲದ ಸಂನ್ಯಾಸಿ ಅಮರುಕ ರಾಜನ ದೇಹವನ್ನು ಹೊಕ್ಕು ತಿಳಿದುಬಂದರೆಂಬ ಕಥೆ ಎಲ್ಲರಿಗೂ ಗೊತ್ತು. ಚಿಕ್ಕಂದಿನಿಂದ ಕೇಳಿದ ಕಥೆ. ಅಂದು ಮೊದಲ ಸಲ ಅದರಲ್ಲಿ ಒಂದು ಮಾತು ನನಗೆ ತಾಗಿತು. ಹೊಕ್ಕದ್ದು ರಾಜನ ದೇಹವನ್ನು! ಸಂಸಾರದ ಸುಖದುಃಖ ತಿಳಿಯಲು ರಾಜನೇ ಆಗಬೇಕಿತ್ತೆ? ಕುಂಬಾರನಿಗೆ ಹೆಂಡತಿಯಿರಲಿಲ್ಲವೆ? ಕಥೆ ಕಟ್ಟಿದವರಿಗೆ ಬೇರೆ ದೇಹ ಹೊಳೆಯಲೇ ಇಲ್ಲ. ನನಗೂ ಹೊಳೆದಿರಲಿಲ್ಲ, ಮೊಮ್ಮಗಳ ತರಗತಿಯ ಹುಡುಗರಿಗೂ ಹೊಳೆಯಲಿಲ್ಲ. ನಮ್ಮ ಊಹೆ ಸ್ವತಂತ್ರವೆಂದು ನಾವು ಭಾವಿಸುತ್ತೇವೆ. ಬಿಟ್ಟುಕೊಟ್ಟರೆ ಅದು ನೀರಿನಂತೆ ಇಳಿಜಾರನ್ನು ಹುಡುಕಿಕೊಂಡು ಹೋಗಿ ಅರಮನೆಯಲ್ಲಿ ನಿಲ್ಲುತ್ತದೆ.

"ಹಾಗಾದರೆ ನಿಮ್ಮ ಮೊಮ್ಮಗಳು ಗುಲಾಮನಾಗಲಿ. ಏನು ಅಡ್ಡಿ?" ಎಂದರು ಮಿತ್ರರು. ಸ್ವಲ್ಪ ದೂರ ನಡೆದಮೇಲೆ ತಮ್ಮ ಮಾತಿಗೆ ತಾವೇ ಅಡ್ಡಿ ಹಾಕಿದರು. "ಆದರೆ ಅರಸನ ಬಾಯಲ್ಲಿ ನೀವು ಸುಳ್ಳು ಹೇಳಿಸಿದರೆ ಅವನ ಶಾಸನ ಇರುತ್ತದೆ, ಅದು ನಿಮ್ಮನ್ನು ತಿದ್ದುತ್ತದೆ. ಬರೆದಿಡದೆ ಸತ್ತವನು 'ಅಲ್ಲ' ಎನ್ನಲಾರ. ಅವನ ಹೆಸರಿನಲ್ಲಿ ನೀವು ಏನು ಬೇಕಾದರೂ ಹೇಳಬಹುದು. ಜೀವವಿದ್ದಾಗ ಮೈದುಡಿಮೆ ಕಸಿದುಕೊಂಡದ್ದಾಯಿತು, ಈಗ ಮನಸ್ಸನ್ನೂ ಕಸಿದುಕೊಳ್ಳುತ್ತೀರಾ?"

ಇದಕ್ಕೆ ಯಾರ್ಕನ ಕಥೆಯೇ ಸಾಕ್ಷಿ ಎಂದು ಆಮೇಲೆ ಓದಿ ತಿಳಿದೆ. 1805ರ ನವೆಂಬರ್ 24ರಂದು, ಚಳಿಗಾಲವನ್ನು ಎಲ್ಲಿ ಕಳೆಯಬೇಕೆಂದು ಕ್ಯಾಪ್ಟನ್ನರು ಪ್ರತಿಯೊಬ್ಬರ ಅಭಿಪ್ರಾಯ ಕೇಳಿ ಬರೆದುಕೊಂಡರು. ಗುಲಾಮನಾದ ಯಾರ್ಕನ ಮತವೂ ಆ ಪಟ್ಟಿಯಲ್ಲಿದೆ. ಒಂಬತ್ತು ತಿಂಗಳ ಕೂಸನ್ನು ಬೆನ್ನಿಗೆ ಕಟ್ಟಿಕೊಂಡಿದ್ದ ಸಕಗವೇಯಾ ಗೆಡ್ಡೆ ಹೇರಳವಾಗಿ ಸಿಗುವ ಕಡೆ ಇರೋಣವೆಂದಳಂತೆ. ಇಡೀ ಯಾತ್ರೆಯಲ್ಲಿ ನನಗೆ ತೀರ ಹತ್ತಿರವೆನಿಸಿದ ಮಾತು ಇದು. ಸಮುದ್ರ, ಸಾಮ್ರಾಜ್ಯ ಇವೆಲ್ಲ ಅತ್ತ ಇರಲಿ, ನಾಳೆ ಒಲೆಗೆ ಏನು? ಸರಿ, ಯಾತ್ರೆ ಮುಗಿಯಿತು. ಸೈನಿಕರಿಗೆ ಇಮ್ಮಡಿ ಸಂಬಳ, ತಲೆಗೆ 320 ಎಕರೆ ಭೂಮಿ ದೊರೆಯಿತು. ಸಕಗವೇಯಾಳ ಗಂಡನಿಗೆ ಹಣ, ಭೂಮಿ ಎರಡೂ ಬಂದವು. ಅವಳಿಗೆ ಏನೂ ಇಲ್ಲ. ಯಾರ್ಕನಿಗೂ ಏನೂ ಇಲ್ಲ, ಬಿಡುಗಡೆಯೂ ಇಲ್ಲ. ಬಹಳ ವರ್ಷಗಳ ಮೇಲೆ, 1832ರಲ್ಲಿ, ಕ್ಲಾರ್ಕ್ ಒಬ್ಬ ಸಾಹಿತಿಯ ಮುಂದೆ ಕಥೆ ಹೇಳಿದ: ಯಾರ್ಕನನ್ನು ಬಿಡುಗಡೆ ಮಾಡಿ ಗಾಡಿ, ಕುದುರೆ ಕೊಟ್ಟೆ, ಅವನು ಬದುಕಲಾರದೆ ಸ್ವಾತಂತ್ರ್ಯವನ್ನೇ ಶಪಿಸುತ್ತ ನನ್ನ ಬಳಿಗೆ ಹಿಂತಿರುಗುತ್ತಿದ್ದಾಗ ಕಾಲರಾ ಬಂದು ಸತ್ತ ಎಂದು. ಒಡೆಯನಿಗೆ ಎಷ್ಟು ಹಿತವಾದ ಊಹೆ ನೋಡಿ! ನಂಬಿಗಸ್ತ ಸೇವಕ ಎಂದು ಜನ ಅದನ್ನು ಬಹುಕಾಲ ನಂಬಿದರು. 1988ರಲ್ಲಿ ಕ್ಲಾರ್ಕ್ ತನ್ನ ಅಣ್ಣನಿಗೆ ಬರೆದ ಕಾಗದಗಳ ಕಟ್ಟೊಂದು ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತು. ಯಾರ್ಕ್ ದೂರದ ಊರಿನಲ್ಲಿದ್ದ ಹೆಂಡತಿಯ ಬಳಿ ಇರಲು ಬೇಡಿದ್ದ. ಒಡೆಯ ಸಿಟ್ಟಾಗಿ ಅವನನ್ನು ಹೊಡೆದಿದ್ದ. ಅದನ್ನು ತಾನೇ ಅಣ್ಣನಿಗೆ ಬರೆದಿದ್ದ. ಕಟ್ಟು ಸಿಗದೇ ಹೋಗಿದ್ದರೆ?

ಹೀಗೆ ಎರಡು ತಪ್ಪುಗಳ ನಡುವೆ ನಾನು ಸಿಕ್ಕಿಕೊಂಡೆ. ಹೆಸರಿಲ್ಲದವನನ್ನು ಊಹಿಸದೆ ಬಿಟ್ಟರೆ ಪುಸ್ತಕ ಬರೆದವನ ಉಪೇಕ್ಷೆಗೆ ನಾನೂ ರುಜು ಹಾಕಿದಂತೆ. ಊಹಿಸಿದರೆ ಅವನ ಎದೆಯಲ್ಲಿ ನನ್ನ ಮಾತು ತುರುಕಿದಂತೆ. ಇದನ್ನು ಯಾವುದೋ ದೂರದ ದೇಶದ ಪ್ರಶ್ನೆಯೆಂದು ತಳ್ಳಿಹಾಕಬಹುದಿತ್ತು. ಆದರೆ ರಾತ್ರಿ ಮಲಗಿದಾಗ ಎಪ್ಪತ್ತು ವರ್ಷ ನೆನೆಯದ ಒಂದು ಸಂಗತಿ ನೆನಪಿಗೆ ಬಂದಿತು.

ನಮ್ಮ ತಂದೆ ನಂಜನಗೂಡಿನ ಆಚೆಯ ಒಂದು ಹೋಬಳಿಯಲ್ಲಿ ಶೇಕ್ದಾರರಾಗಿದ್ದರು. ತಿಂಗಳಲ್ಲಿ ಅರ್ಧ ದಿನ ಹಳ್ಳಿಗಳಲ್ಲಿ ಮೊಕ್ಕಾಂ. 1952ನೆಯ ಇಸವಿ ಇರಬೇಕು, ನನಗೆ ಏಳೆಂಟು ವರ್ಷ. ಹಟ ಮಾಡಿ ಒಂದು ಸಲ ಅವರ ಹಿಂದೆ ಹೋದೆ. ಮುಂದೆ ಅಪ್ಪ, ಅವರ ಹಿಂದೆ ಶಾನುಭೋಗರು, ಕೊನೆಯಲ್ಲಿ ದಫ್ತರದ ಪೆಟ್ಟಿಗೆಯನ್ನೂ ಹಾಸಿಗೆಯ ಸುರುಳಿಯನ್ನೂ ಹೊತ್ತ ಊರ ತೋಟಿ. ದಾರಿಯಲ್ಲಿ ನನ್ನ ಕಾಲಿಗೆ ಜಾಲಿಯ ಮುಳ್ಳು ಮುರಿಯಿತು. ನಡೆಯಲಾರದೆ ಅತ್ತೆ. ಎಲ್ಲರೂ ಒಂದು ಗಳಿಗೆ ಸುಮ್ಮನೆ ನಿಂತರು. ಯಾಕೆ ನಿಂತರೆಂದು ಆಗ ತಿಳಿಯಲಿಲ್ಲ. ಅಪ್ಪ ತಲೆಯಾಡಿಸಿದ ಮೇಲೆ ತೋಟಿ ಹಾಸಿಗೆಯ ಸುರುಳಿಯನ್ನು ಶಾನುಭೋಗರ ಕೈಗೆ ಕೊಡಲಾರದೆ ದಾರಿಯ ಬದಿಯ ಮರದಡಿ ಇಟ್ಟು, ಪೆಟ್ಟಿಗೆ ತಲೆಯ ಮೇಲಿರುವಂತೆಯೇ ನನ್ನನ್ನು ಸೊಂಟಕ್ಕೆ ಎತ್ತಿಕೊಂಡ. ನಮ್ಮನ್ನು ಊರು ಮುಟ್ಟಿಸಿ, ಹಾಸಿಗೆ ತರಲು ಮತ್ತೆ ಅಷ್ಟು ದೂರ ಹಿಂದಕ್ಕೆ ನಡೆದ. ಅವನ ಬೆವರಿನ ವಾಸನೆ, ಹೊಗೆಸೊಪ್ಪಿನ ವಾಸನೆ ನೆನಪಿದೆ. ಮನೆಗೆ ಬಂದಮೇಲೆ ಅಮ್ಮ ನನ್ನನ್ನು ಒಳಗೆ ಬಿಡದೆ ಹಿತ್ತಿಲಲ್ಲೇ ನಿಲ್ಲಿಸಿ ತಲೆಯ ಮೇಲೆ ನೀರು ಹುಯ್ದದ್ದು ನೆನಪಿದೆ. ಅವನ ಹೆಸರು ನೆನಪಿಲ್ಲ.

ಅಪ್ಪನ ಪ್ರವಾಸದ ಡೈರಿಗಳು ಟ್ರಂಕಿನಲ್ಲಿವೆ. ಮರುದಿನ ತೆಗೆದು ಹುಡುಕಿದೆ. ಆ ದಿನ ಸಿಕ್ಕಿತು. ಪಹಣಿ ತನಿಖೆ. ಮಳೆ ಇಲ್ಲ. ಹುಡುಗನ ಕಾಲಿಗೆ ಮುಳ್ಳು. ಸಾಮಾನು ಸಾಗಣೆ ನಾಲ್ಕಾಣೆ. ಆ ನಾಲ್ಕಾಣೆಯೇ ಅವನು. ಅದಾದರೂ ಅವನ ಕೈಸೇರಿತೋ, ಭತ್ಯದ ಲೆಕ್ಕಕ್ಕೆ ಮಾತ್ರ ಬರೆದದ್ದೋ ಎಂದು ಕೇಳಲು ಈಗ ಯಾರೂ ಇಲ್ಲ. ತಂದೆಯವರು ಕೆಟ್ಟವರಾಗಿರಲಿಲ್ಲ. ಆ ಕಾಲಕ್ಕೆ ಬಹಳ ನೇರವಾದ ಮನುಷ್ಯ ಎಂದೇ ಹೆಸರು. ಬುಕನನ್‌ನೂ ಕೆಟ್ಟವನಲ್ಲ, ಅದೇ ನನ್ನನ್ನು ಕಾಡುವುದು.

ಈಗ ನನ್ನ ಮಿತ್ರರಿಗೆ ನಾನು ಹೇಳಬಹುದಾದದ್ದು ಇಷ್ಟು. ಆ ತೋಟಿಯ ಮನಸ್ಸನ್ನು ನಾನು ಹೊಗಲಾರೆ. ನನ್ನನ್ನು ಎತ್ತಿಕೊಂಡಾಗ ಅವನಿಗೆ ಕನಿಕರವಿತ್ತೇ, ಬೇಸರವಿತ್ತೇ, ಮನೆಯಲ್ಲಿ ಬಿಟ್ಟುಬಂದ ಕೆಲಸದ ಯೋಚನೆಯಿತ್ತೇ, ಹೇಳಲು ನನಗೆ ಅಧಿಕಾರವಿಲ್ಲ. ಕನಿಕರವಿತ್ತೆಂದು ಬರೆಯಲು ಕೈ ತುಡಿಯುತ್ತದೆ. ಅದು ಕ್ಲಾರ್ಕ್ ಕಟ್ಟಿದ ಕಥೆಯ ಜಾತಿಯದೇ. ಆದರೆ ಪೆಟ್ಟಿಗೆಯ ಭಾರವನ್ನು ಊಹಿಸಬಹುದು. ಅದು ಈಗಲೂ ಅಟ್ಟದ ಮೇಲಿದೆ, ತೂಗಿಯೂ ನೋಡಬಹುದು. ಎರಡು ಸಲ ನಡೆದ ದಾರಿಯನ್ನು ಊಹಿಸಬಹುದು. ಅವನು ಅಂದು ನೀರು ಎಲ್ಲಿ ಕುಡಿದ? ಊರ ಬಾವಿಯಲ್ಲಂತೂ ಅಲ್ಲ. ಇಂತಹ ಪ್ರಶ್ನೆಗಳಲ್ಲಿ ಅವನ ಮರ್ಯಾದೆಗೆ ಕುಂದಿಲ್ಲ. ಮತ್ತೊಂದನ್ನೂ ಒಪ್ಪಬೇಕು: ಆ ಯಾತ್ರೆಯಲ್ಲಿ ನಾನು ಯಾರೆಂದು ಊಹಿಸಿಕೊಳ್ಳುವ ಅಗತ್ಯವೇ ನನಗಿಲ್ಲ. ನಾನು ಅಲ್ಲೇ ಇದ್ದೆ, ಅವನ ಸೊಂಟದ ಮೇಲೆ.

ಮೊಮ್ಮಗಳಿಗೆ ನನ್ನ ನಕ್ಷತ್ರಗಳನ್ನು ಹರಿದುಹಾಕು ಎಂದೆ. ಯಾರ್ಕ್ ಬೆಳಗಿನಿಂದ ಸಂಜೆಯವರೆಗೆ ಏನೇನು ಎತ್ತಿರಬಹುದು, ಎಲ್ಲಿ ಇಳಿಸಿರಬಹುದು, ಅದನ್ನಷ್ಟೇ ಬರೆ, ಅವನಿಗೆ ಏನನ್ನಿಸಿತೆಂದು ಬರೆಯಬೇಡ ಎಂದೆ. ತೋಟಿಯ ಸಂಗತಿಯನ್ನೂ ಹೇಳಿದೆ. ಅವಳು ಬರೆದಳು. ಮೇಷ್ಟರು ಭಾವನೆ ಸಾಲದು ಎಂದು ಅಂಕ ಕಡಿಮೆ ಕೊಟ್ಟರಂತೆ. ಹುಡುಗಿಗೆ ಸ್ವಲ್ಪ ಬೇಸರ, ನನಗೆ ಅದಕ್ಕಿಂತ ಹೆಚ್ಚು. ಕೊನೆಗೆ ಅವಳು ಕೇಳಿದಳು: "ತಾತ, ನಿಮ್ಮನ್ನು ಎತ್ತಿಕೊಂಡವರ ಹೆಸರು ಇನ್ನೂ ಸಿಗಲಿಲ್ಲವಾ?"

ನಂಜನಗೂಡಿನಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ನನಗಿಂತ ಐದು ವರ್ಷ ದೊಡ್ಡವಳು, ನೆನಪು ಇನ್ನೂ ಗಟ್ಟಿ. ಮುಳ್ಳು, ಹಿತ್ತಿಲ ನೀರು ಎಲ್ಲ ಜ್ಞಾಪಕವಿತ್ತು. "ಹೆಸರು ಯಾರಿಗೆ ಗೊತ್ತೋ, ತೋಟಿ ಅಂತಲೇ ಕರೀತಿದ್ದಿದ್ದು" ಎಂದಳು. ಸ್ವಲ್ಪ ತಡೆದು, "ಅವನ ಮಗ ನಿನ್ನ ಸ್ಕೂಲಿನಲ್ಲೇ ಇದ್ದನಲ್ಲೋ. ನಿನ್ನ ತರಗತಿಯೇ. ಜಗುಲಿಯಲ್ಲಿ ಕೂತು ಕಿಟಕಿಯಿಂದ ಪಾಠ ಕೇಳ್ತಿದ್ದ. ನಿನಗೆ ಜ್ಞಾಪಕವಿಲ್ಲವಾ?" ಎಂದಳು.

ಆ ಕಿಟಕಿ ಜ್ಞಾಪಕವಿದೆ. ಅದರ ಮರದ ಸರಳುಗಳಲ್ಲಿ ಎರಡನೆಯದು ಮುರಿದಿತ್ತು.